ಊರಿನ ಹೆಸರುಗಳನ್ನು ಕಾಡಿನ ಮರ ಎಣಿಸಿದ ಹಾಗೆ ಎಣಿಸಬಹುದಾ?

ಹಟ್ಟಿಹುಡುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮೂರು ಚಳ್ಳಕೆರೆ ತಾಲ್ಲೂಕಿನಲ್ಲಿ, ನಾಯಕನಹಟ್ಟಿಗೆ ಹತ್ತಿರ. ಊರಿನ ಶಾಲೆಗೆ ಸ್ಮರಣ ಸಂಚಿಕೆ ತರಬೇಕು ಅಂತ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿಕೊಂಡಿದ್ದೇವೆ. ಹಳೆಯ ಅಡ್ಮಿಷನ್ ರಿಜಿಸ್ಟರ್‌ಗಳನ್ನು ಕಂಪ್ಯೂಟರಿಗೆ ಹತ್ತಿಸುವ ಕೆಲಸ ನನ್ನ ಪಾಲಿಗೆ ಬಂತು. 1950ರ ದಶಕದಿಂದ ಈಚಿನವರೆಗೂ ಇವೆ. ಕೆಲವು ಹಾಳೆ ಗೆದ್ದಲು ತಿಂದಿದೆ, ಆದರೂ ಹೆಚ್ಚಿನದು ಓದಲು ಬರುತ್ತದೆ.

ಟೈಪ್ ಮಾಡುತ್ತಾ ಹೋದ ಹಾಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಹಳೆಯ ಪುಟಗಳಲ್ಲಿ ಅವೇ ಹೆಸರು ಮತ್ತೆ ಮತ್ತೆ. ತಿಪ್ಪೇಸ್ವಾಮಿ, ಓಬಯ್ಯ, ಬೋರಯ್ಯ, ತಿಪ್ಪಮ್ಮ, ಓಬಮ್ಮ. ನಾನು ಓದುವಾಗಲೂ ನಮ್ಮ ತರಗತಿಯಲ್ಲಿ ನಾಲ್ಕು ಜನ ತಿಪ್ಪೇಸ್ವಾಮಿ ಇದ್ದರು. ಗುಡಿ ತಿಪ್ಪೇಸ್ವಾಮಿ, ಮಿಲ್ ತಿಪ್ಪೇಸ್ವಾಮಿ, ಉದ್ದನೆ ತಿಪ್ಪೇಸ್ವಾಮಿ, ಇನ್ನೊಬ್ಬ ಸುಮ್ನೆ ತಿಪ್ಪೇಶಿ. ಈಗಿನ ಹಾಜರಿ ಪುಸ್ತಕ ನೋಡಿದರೆ ಒಬ್ಬರ ಹೆಸರು ಇನ್ನೊಬ್ಬರಿಗೆ ಇಲ್ಲ.

ಇದನ್ನು ಅಂಕಿಯಲ್ಲಿ ತೋರಿಸೋಣ ಅಂತ ಹೊರಟೆ. ಪ್ರತಿ ದಶಕಕ್ಕೂ ಬೇರೆ ಬೇರೆ ಹೆಸರು ಎಷ್ಟಿವೆ ಅಂತ ಎಣಿಸಿ, ಒಟ್ಟು ಮಕ್ಕಳ ಸಂಖ್ಯೆಯಿಂದ ಭಾಗಿಸಿದೆ. ಬಂದ ಉತ್ತರ ನೋಡಿ ತಲೆ ಕೆಟ್ಟಿತು. ಮಕ್ಕಳು ಕಡಿಮೆ ಇದ್ದ 1950ರ ದಶಕ ಮೇಲೆ ಬಂತು, ಮಕ್ಕಳು ತುಂಬಿ ತುಳುಕುತ್ತಿದ್ದ 1980ರ ದಶಕ ತೀರಾ ಕೆಳಗೆ ಹೋಯಿತು. ಪುಟ ತಿರುಗಿಸಿದರೆ ಕಾಣುವುದೇ ಒಂದು, ಲೆಕ್ಕ ಹೇಳುವುದೇ ಇನ್ನೊಂದು.

ಕಾಡಿನ ಸರ್ವೆ ಮಾಡುವ ಗೆಳೆಯನೊಬ್ಬ, ಇದಕ್ಕೆ ವೈವಿಧ್ಯ ಅಳೆಯುವ ಶ್ಯಾನನ್ ಸೂಚ್ಯಂಕ, ಸಿಂಪ್ಸನ್ ಸೂಚ್ಯಂಕ ಅಂತೆಲ್ಲ ಇವೆ, ಮರಕ್ಕೆ ಬಳಸುವುದನ್ನೇ ಹೆಸರಿಗೂ ಬಳಸಿ ನೋಡು ಅಂದ. ಅದು ಸರಿಯಾ? ಯಾವುದನ್ನು ಬಳಸಬೇಕು? ಹೆಸರುಗಳ ವೈವಿಧ್ಯ ಜಾಸ್ತಿ ಆಗಿದೆ ಅಂತ ಧೈರ್ಯವಾಗಿ ಬರೆಯಬಹುದಾ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಮಳೆಕಾಡು

ಒಳ್ಳೆಯ ಕೆಲಸ ಹಿಡಿದಿದ್ದೀರಿ. ಶರಾವತಿ ಕಣಿವೆಯ ಕಾಡುಗಳಲ್ಲಿ ಮರ ಎಣಿಸುವ ತಂಡದಲ್ಲಿ ಕೆಲವು ವರ್ಷ ಇದ್ದೆ, ಆ ಅನುಭವದಿಂದ ಹೇಳುತ್ತೇನೆ.

ಮೊದಲೇ ಒಂದು ಮಾತು. ನಾವು ಮರ, ಹಕ್ಕಿ ಎಣಿಸುವಾಗ ‘ಜಾತಿ’ ಅನ್ನುತ್ತೇವೆ. ಜನರ ಹೆಸರಿನ ವಿಷಯದಲ್ಲಿ ಆ ಪದ ಹಾಕಿದರೆ ಬೇರೆಯದೇ ಅರ್ಥ ಬಂದುಬಿಡುತ್ತದೆ. ಹಾಗಾಗಿ ‘ಪ್ರಭೇದ’ ಅಂತಲೇ ಬರೆಯುತ್ತೇನೆ. ಒಬ್ಬ ಮನುಷ್ಯ ಒಂದು ಮರ. ಅವನ ಹೆಸರು ಆ ಮರದ ಪ್ರಭೇದ. ನಿಮ್ಮ ಊರು ಒಂದು ಪ್ಲಾಟ್, ಅಂದರೆ ಎಣಿಸಲು ಗುರುತು ಮಾಡಿಕೊಂಡ ಜಾಗ, ಒಂದೊಂದು ದಶಕ ಒಂದೊಂದು ಸರ್ವೆ. ಇಷ್ಟು ಹೊಂದಿಸಿಕೊಂಡರೆ ಉಳಿದ ಲೆಕ್ಕ ಹಾಗೇ ನಡೆಯುತ್ತದೆ.

ನಿಮ್ಮ ಭಾಗಾಕಾರ ಕೈಕೊಟ್ಟಿದ್ದು ಯಾಕೆ ಅಂದರೆ, ಕಾಡಿಗೆ ಕಾಲಿಟ್ಟಾಗ ಮೊದಲ 10 ಮರದಲ್ಲೇ ಏಳೆಂಟು ಪ್ರಭೇದ ಸಿಗಬಹುದು. 1000 ಮರ ದಾಟಿದ ಮೇಲೆ ಹೊಸದು ಸಿಗುವುದು ಅಪರೂಪ. ಎಣಿಸುತ್ತಾ ಹೋದ ಹಾಗೆ ಒಟ್ಟು ಮರ ಒಂದೇ ಸಮ ಏರುತ್ತದೆ, ಹೊಸ ಪ್ರಭೇದ ನಿಧಾನವಾಗುತ್ತದೆ. ಆದ್ದರಿಂದ ಭಾಗಿಸಿದರೆ ದೊಡ್ಡ ಪಟ್ಟಿಗೆ ಯಾವಾಗಲೂ ಚಿಕ್ಕ ಉತ್ತರವೇ. ನಿಮ್ಮ 1980ರ ದಶಕದ್ದು ಹೆಸರಿನ ಬಡತನ ಅಲ್ಲ, ಮಕ್ಕಳು ಜಾಸ್ತಿ ಇದ್ದಿದ್ದು ಅಷ್ಟೇ.

ಇದಕ್ಕೆ ಪರಿಹಾರ ಇದೆ. ಎಲ್ಲ ದಶಕದಿಂದಲೂ ಅಷ್ಟಷ್ಟೇ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎತ್ತಿ. ಅತಿ ಕಡಿಮೆ ಮಕ್ಕಳಿರುವ ದಶಕದಲ್ಲಿ 80 ಜನ ಇದ್ದರೆ ಎಲ್ಲ ಕಡೆಯಿಂದ 80. ಆ 80ರಲ್ಲಿ ಎಷ್ಟು ಹೆಸರು ಬಂತು ನೋಡಿ. ಸಾವಿರ ಸಲ ಹೀಗೆ ಮಾಡಿ ಸರಾಸರಿ ತೆಗೆಯಿರಿ. ಇದಕ್ಕೆ ರೇರಿಫ್ಯಾಕ್ಷನ್ ಅನ್ನುತ್ತಾರೆ. ಸಮುದ್ರದ ತಳದ ಜೀವಿಗಳನ್ನು ಹೋಲಿಸಲು ಸ್ಯಾಂಡರ್ಸ್ 1968ರಲ್ಲಿ ತಂದ ವಿಧಾನ, 1971ರಲ್ಲಿ ಹರ್ಲ್‌ಬರ್ಟ್ ಅದರ ಸೂತ್ರವನ್ನು ಸರಿಪಡಿಸಿದರು. ಈಗ ಅಂಕಿಸಂಖ್ಯೆಯ ಕೆಲಸಕ್ಕೆ ಬಳಸುವ ಆರ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ವೀಗನ್ ಅನ್ನುವ ಪ್ಯಾಕೇಜ್ ಇದೆ, ಒಂದೇ ಸಾಲಿನಲ್ಲಿ ಮಾಡಿಕೊಡುತ್ತದೆ.

ಇನ್ನು ಶ್ಯಾನನ್, ಸಿಂಪ್ಸನ್ ವಿಷಯ. ಒಂದು ಊರಲ್ಲಿ 100 ಮಕ್ಕಳು, 10 ಹೆಸರು, ಪ್ರತಿ ಹೆಸರಿಗೂ 10 ಮಕ್ಕಳು ಅಂತ ಇಟ್ಟುಕೊಳ್ಳಿ. ಪಕ್ಕದ ಊರಲ್ಲೂ 100 ಮಕ್ಕಳು, 10 ಹೆಸರು, ಆದರೆ ಅಲ್ಲಿ 55 ಮಕ್ಕಳಿಗೆ ಒಂದೇ ಹೆಸರು, ಉಳಿದ 9 ಹೆಸರಿಗೆ ತಲಾ 5. ಎರಡೂ ಕಡೆ ಹೆಸರು ಹತ್ತೇ. ಆದರೆ ಎರಡನೆಯದು ಅಡಿಕೆ ತೋಟ ಇದ್ದ ಹಾಗೆ, ಅಲ್ವಾ? ಅಂಚಿನಲ್ಲಿ ಹಲಸು, ಮಾವು, ಬಾಳೆ ಇದ್ದರೂ ಕಣ್ಣಿಗೆ ಕಾಣುವುದೆಲ್ಲ ಅಡಿಕೆಯೇ.

ಸಿಂಪ್ಸನ್ ಕೇಳುವುದು ತುಂಬಾ ಸರಳ ಪ್ರಶ್ನೆ. ಕಣ್ಣು ಮುಚ್ಚಿ ಇಬ್ಬರನ್ನು ಎತ್ತಿದರೆ ಇಬ್ಬರದೂ ಒಂದೇ ಹೆಸರಾಗುವ ಸಾಧ್ಯತೆ ಎಷ್ಟು? ಪ್ರತಿ ಹೆಸರಿನ ಪಾಲನ್ನು ವರ್ಗ ಮಾಡಿ ಕೂಡಿಸಿದರೆ ಉತ್ತರ. ಮೊದಲ ಊರಲ್ಲಿ 0.1, ಎರಡನೆಯದರಲ್ಲಿ 0.325. ಇದನ್ನು ತಿರುಗಿಸಿ 1ನ್ನು ಇದರಿಂದ ಭಾಗಿಸಿ. ಮೊದಲ ಊರಿಗೆ 10 ಬರುತ್ತದೆ, ಎರಡನೆಯ ಊರಿಗೆ 3.08. ಹೆಸರು ಹತ್ತಿದ್ದರೂ ಆ ಊರು ನಡೆಯುವುದು ಮೂರೇ ಹೆಸರು ಇದ್ದ ಹಾಗೆ ಅಂತ ಅರ್ಥ. ಇದಕ್ಕೆ ಪರಿಣಾಮಕಾರಿ ಸಂಖ್ಯೆ ಅನ್ನುತ್ತಾರೆ. ಶ್ಯಾನನ್ ಸೂಚ್ಯಂಕವನ್ನೂ ಬೇರೆ ಸೂತ್ರದಿಂದ ಇಂಥದ್ದೇ ಸಂಖ್ಯೆಗೆ ಬದಲಿಸಬಹುದು, ಆಗ ಎರಡನೆಯ ಊರಿಗೆ 5.35 ಬರುತ್ತದೆ.

ಹಾಗಾದರೆ 10 ಸರಿಯಾ, 5.35 ಸರಿಯಾ, 3.08 ಸರಿಯಾ? ಮೂರೂ ಸರಿ. ಮಾರ್ಕ್ ಹಿಲ್ 1973ರಲ್ಲಿ ಈ ಮೂರನ್ನೂ ಒಂದೇ ಕುಟುಂಬಕ್ಕೆ ಸೇರಿಸಿ ತೋರಿಸಿದರು. ದರ್ಜೆ 0 ಅಂದರೆ ಸುಮ್ನೆ ಎಣಿಕೆ, ಒಬ್ಬನಿಗಷ್ಟೇ ಇರುವ ಹೆಸರಿಗೂ ಪೂರ್ತಿ ಬೆಲೆ. ದರ್ಜೆ 1 ಶ್ಯಾನನ್, ಪ್ರತಿ ಹೆಸರಿಗೂ ಅದರ ಪಾಲಿಗೆ ತಕ್ಕ ಬೆಲೆ. ದರ್ಜೆ 2 ಸಿಂಪ್ಸನ್, ದೊಡ್ಡ ಹೆಸರುಗಳದ್ದೇ ಮಾತು. ನೀವು ಮೂರನ್ನೂ ಕೊಡಿ. ಒಂದನ್ನೇ ಆರಿಸಿದರೆ ಉತ್ತರವನ್ನು ಮೊದಲೇ ಆರಿಸಿದ ಹಾಗೆ ಆಗುತ್ತದೆ.

ಒಂದು ಎಚ್ಚರಿಕೆ. 30, 40 ಮಕ್ಕಳ ಚಿಕ್ಕ ಪಟ್ಟಿಯಲ್ಲಿ ಪಾಲಿನ ವರ್ಗ ಕೂಡಿಸಬೇಡಿ. ಎತ್ತಿದ ಮಗುವನ್ನೇ ಮತ್ತೆ ಎತ್ತಿದ ಹಾಗೆ ಲೆಕ್ಕವಾಗುತ್ತದೆ. ಒಬ್ಬರನ್ನು ಎತ್ತಿದ ಮೇಲೆ ಉಳಿದವರಲ್ಲಿ ಇನ್ನೊಬ್ಬರು ಅಂತ ಲೆಕ್ಕ ಹಾಕಿ.

ಹಟ್ಟಿಹುಡುಗ

ಸರ್, ಅಡಿಕೆ ತೋಟದ ಉದಾಹರಣೆ ಓದಿ ಒಂದೇ ಸಲಕ್ಕೆ ಅರ್ಥವಾಯಿತು. ನಮ್ಮ ಹಳೆಯ ರಿಜಿಸ್ಟರ್ ಎರಡನೆಯ ಊರಿನ ತರಹವೇ ಇದೆ. ರಾತ್ರಿ ಕೂತು ಮೂರೂ ದರ್ಜೆ ಹಾಕಿ ನೋಡುತ್ತೇನೆ.

ಲಿಪಿಕಾರ

ಲೆಕ್ಕಕ್ಕೆ ಇಳಿಯುವ ಮುಂಚೆ ಸ್ವಲ್ಪ ತಡೆಯಿರಿ. ಯಾವುದು ಒಂದು ಹೆಸರು, ಯಾವುದು ಎರಡು ಅನ್ನುವುದನ್ನು ತೀರ್ಮಾನಿಸಿದ್ದೀರಾ? ಇದನ್ನು ಬಿಟ್ಟು ಮುಂದೆ ಹೋದರೆ ಎಷ್ಟು ಒಳ್ಳೆಯ ಸೂತ್ರ ಹಾಕಿದರೂ ಉತ್ತರ ತಪ್ಪು.

ಮೊದಲು ಕಂಪ್ಯೂಟರಿನ ತೊಂದರೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಇದ್ದರೆ ಯೂನಿಕೋಡ್‌ಗೆ ಬದಲಿಸದೆ ಎಣಿಸಬೇಡಿ. ಯೂನಿಕೋಡ್‌ನಲ್ಲೂ ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಜೋಡಣೆ ಚಿಹ್ನೆಗಳು ಸೇರಿಕೊಂಡಿರುತ್ತವೆ. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಕಂಪ್ಯೂಟರು ಎರಡು ಹೆಸರು ಅಂತ ಎಣಿಸುತ್ತದೆ. ಹೆಸರಿನ ಕೊನೆಗೆ ಉಳಿದ ಖಾಲಿ ಜಾಗವೂ ಹಾಗೇ. ಇವನ್ನೆಲ್ಲ ತೆಗೆಯದಿದ್ದರೆ ಒಂದೇ ಸಲ ಬರುವ ಹೆಸರುಗಳು ಸುಳ್ಳು ಸುಳ್ಳೇ ಜಾಸ್ತಿ ಆಗುತ್ತವೆ. ದರ್ಜೆ 0ಕ್ಕೆ ಬೀಳುವ ಪೆಟ್ಟು ದೊಡ್ಡದು, ದರ್ಜೆ 2ಕ್ಕೆ ಅಷ್ಟಿಲ್ಲ.

ಆಮೇಲೆ ನಿಜವಾದ ಪ್ರಶ್ನೆ. ಮಂಜುನಾಥ, ಮಂಜುನಾಥ್ ಒಂದೇ ಅಂತ ಎಲ್ಲರೂ ಒಪ್ಪುತ್ತಾರೆ. ಮಂಜಪ್ಪ? ಮಂಜಯ್ಯ? ಬಸಪ್ಪ, ಬಸಯ್ಯ, ಬಸಣ್ಣ, ಬಸವರಾಜ, ಬಸವಲಿಂಗಪ್ಪ, ಬಸಮ್ಮ, ಬಸವ್ವ, ಇವೆಲ್ಲ ಒಂದಾ ಏಳಾ? ಮರದವರ ಹಾಗೆ ಯೋಚಿಸಿದರೆ ‘ಬಸವ’ ಅನ್ನುವುದು ಕುಲ (ಹತ್ತಿರದ ಪ್ರಭೇದಗಳ ಗುಂಪು), ಮೇಲಿನ ಅಪ್ಪ, ಅಯ್ಯ, ಅಣ್ಣ, ಅವ್ವ ಸೇರಿ ಪ್ರಭೇದ. ನಮ್ಮ ಕನ್ನಡದ ಹೆಸರುಗಳು ಹೀಗೆ ಎರಡು ತುಂಡಾಗಿ ಬಿಚ್ಚಿಕೊಳ್ಳುವುದೇ ಒಂದು ಅನುಕೂಲ, ಮೊದಲ ತುಂಡು ಯಾವ ದೇವರು ಅಂತ ಹೇಳುತ್ತದೆ, ಎರಡನೆಯ ತುಂಡು ಬಹಳ ಸಲ ಯಾವ ಸೀಮೆ, ಯಾವ ಸಮುದಾಯ ಅಂತ ಹೇಳುತ್ತದೆ, ಹಾಗಾಗಿ ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆದಿಟ್ಟುಕೊಂಡರೆ ಮುಂದೆ ಯಾವ ಲೆಕ್ಕ ಬೇಕಾದರೂ ಮಾಡಬಹುದು. ಮೂಲ ಹೆಸರು ಇರುವ ಕಾಲಂ ಮಾತ್ರ ಅಳಿಸಬೇಡಿ. ಮೇಷ್ಟ್ರು ಬರೆದದ್ದು ಹೇಗಿದೆಯೋ ಹಾಗೇ ಒಂದು ಕಡೆ ಉಳಿಯಬೇಕು.

ಈಗಿನ ಹೆಸರಿಗೆ ಬಂದರೆ ವಿಷಯ ತಿರುಗುತ್ತದೆ. ಅದ್ವಿಕ್, ಅದ್ವಿತ್, ಅದ್ವೈತ್. ವಿಹಾನ್, ಇಶಾನ್, ಅಯಾನ್, ಆರ್ಯನ್. ತನ್ವಿ, ಸಾನ್ವಿ, ಮಾನ್ವಿ, ಧನ್ವಿ. ಅಕ್ಷರ ನೋಡಿದರೆ ಎಲ್ಲ ಬೇರೆ ಬೇರೆ. ಕೂಗಿ ನೋಡಿ, ಒಂದೇ ಅಚ್ಚಿನಲ್ಲಿ ಒತ್ತಿದ ಹಾಗೆ ಕೇಳುತ್ತವೆ. ಇಂಥದ್ದಕ್ಕೂ ಅಳತೆ ಇದೆ. ಲೈನ್‌ಸ್ಟರ್ ಮತ್ತು ಕಾಬಲ್ಡ್ 2012ರಲ್ಲಿ ಕೊಟ್ಟ ವಿಧಾನದಲ್ಲಿ ಎರಡು ಪ್ರಭೇದ ಎಷ್ಟು ಹತ್ತಿರದವು ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳುತ್ತಾರೆ. ಓಬಯ್ಯ ಮತ್ತು ಜುಂಜಪ್ಪ ಪೂರ್ತಿ ಬೇರೆ, ತನ್ವಿ ಮತ್ತು ಸಾನ್ವಿ ಬಹುಪಾಲು ಒಂದೇ ಅಂತ ತೂಕ ಕೊಟ್ಟರೆ, ನೂರಕ್ಕೆ ನೂರು ಹೆಸರು ಬೇರೆಯಾಗಿರುವ ತರಗತಿಯ ಸಂಖ್ಯೆಯೂ ಚೆನ್ನಾಗಿ ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆ ಅನ್ನುವುದು ನೀವು ಹತ್ತಿರವನ್ನು ಹೇಗೆ ಅಳೆಯುತ್ತೀರಿ ಅನ್ನುವುದರ ಮೇಲೆ ಇದೆ. ಸದ್ದಿನಿಂದ ಅಳೆದರೆ ಒಂದು ಉತ್ತರ, ದೇವರಿಂದ ಅಳೆದರೆ ಇನ್ನೊಂದು. ಯಾವುದರಿಂದ ಅಳೆದಿರಿ ಅಂತ ಸಂಚಿಕೆಯಲ್ಲಿ ಒಂದು ಸಾಲು ಬರೆಯಿರಿ ಸಾಕು.

ಅಂಗನವಾಡಿ ಟೀಚರ್

ನಾನು ಕೊಪ್ಪಳ ಕಡೆಯವಳು. ಲೆಕ್ಕ ನನಗೆ ಅಷ್ಟು ಬರುವುದಿಲ್ಲ, ಹೆಸರು ಬರೆಯುವ ಕೆಲಸ ಮಾತ್ರ ದಿನಾ ಮಾಡುತ್ತೇನೆ. ಹಾಗಾಗಿ ಎರಡು ಮಾತು.

ರಿಜಿಸ್ಟರಿನಲ್ಲಿ ಇರುವುದು ಮಗುವಿನ ಹೆಸರಾ, ಮೇಷ್ಟ್ರು ಕೊಟ್ಟ ಹೆಸರಾ? ನಮ್ಮ ಹಿರಿಯರಲ್ಲಿ ಎಷ್ಟೋ ಜನಕ್ಕೆ ಹುಟ್ಟಿದ ದಿನ ಜೂನ್ 1 ಅಂತ ಇದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು ಅದು. ಹೆಸರೂ ಹಾಗೇ. ಮನೆಯಲ್ಲಿ ಬಸ್ಯಾ ಅಂತಿದ್ದರೆ ಪುಸ್ತಕದಲ್ಲಿ ಬಸವರಾಜ ಆಗುತ್ತಿದ್ದ. ಎಲ್ಲಿ, ಎಲ್ಲವ್ವ, ಯಲ್ಲಮ್ಮ ಮೂರೂ ಒಬ್ಬಳೇ ಹುಡುಗಿ. ಒಬ್ಬ ಮೇಷ್ಟ್ರು ಇಪ್ಪತ್ತು ವರ್ಷ ಒಂದೇ ಊರಲ್ಲಿ ಇದ್ದರೆ ಆ ಇಪ್ಪತ್ತು ವರ್ಷದ ಹೆಸರು ಅವರ ಕೈಯದ್ದು. ಮೇಷ್ಟ್ರು ಬದಲಾದ ವರ್ಷ ಯಾವುದು ಅಂತ ನೋಡಿ, ಅಲ್ಲಿ ಹೆಸರಿನ ಧಾಟಿ ಬದಲಾಗಿದೆಯಾ ಪರೀಕ್ಷೆ ಮಾಡಿ. ಕೈಬರಹ ನೋಡಿದರೆ ಗೊತ್ತಾಗುತ್ತದೆ.

ಇನ್ನೊಂದು ಹೆಣ್ಣುಮಕ್ಕಳ ವಿಷಯ. ಹಳೆಯ ರಿಜಿಸ್ಟರಿನಲ್ಲಿ ಹುಡುಗಿಯರು ಕಡಿಮೆ ಇರುತ್ತಾರೆ, ಶಾಲೆಗೆ ಕಳಿಸುತ್ತಿದ್ದುದೇ ಕಡಿಮೆ. ಗಂಡು ಹೆಣ್ಣು ಸೇರಿಸಿ ಲೆಕ್ಕ ಹಾಕಿದರೆ, ಹುಡುಗಿಯರು ಶಾಲೆಗೆ ಬರತೊಡಗಿದ್ದೇ ಹೆಸರಿನ ವೈವಿಧ್ಯ ಜಾಸ್ತಿ ಆದ ಹಾಗೆ ಕಾಣುತ್ತದೆ. ಬೇರೆ ಬೇರೆ ಹಾಕಿ. ಮತದಾರರ ಪಟ್ಟಿ ತಗೊಂಡು ವಯಸ್ಸಿನ ಪ್ರಕಾರ ವಿಂಗಡಿಸೋಣ ಅಂತ ಯಾರಾದರೂ ಹೇಳಬಹುದು. ಅದರಲ್ಲಿ ಊರಿನ ಹೆಂಗಸರ ಹೆಸರು ಊರಿನದ್ದಲ್ಲ. ಮದುವೆಯಾಗಿ ಬಂದವರು ತವರೂರಿನ ಹೆಸರು ತಂದಿರುತ್ತಾರೆ. ನನ್ನ ಅತ್ತೆ ಸವದತ್ತಿ ಕಡೆಯವರು, ಹೆಸರು ಯಲ್ಲವ್ವ. ನಮ್ಮ ಓಣಿಯಲ್ಲಿ ಹುಲಿಗೆಮ್ಮ ಜಾಸ್ತಿ, ಹುಲಿಗಿ ಹತ್ತಿರ ಅಲ್ವಾ. ಒಂದೇ ಓಣಿಯ ಹೆಂಗಸರ ಹೆಸರು ಓದಿದರೆ ಯಾವ ಯಾವ ಊರಿನಿಂದ ಹೆಣ್ಣು ತಂದಿದ್ದಾರೆ ಅಂತ ಅರ್ಧ ಗೊತ್ತಾಗುತ್ತದೆ.

ನಿಮ್ಮ ಕಡೆ ಗುಡಿ ತಿಪ್ಪೇಸ್ವಾಮಿ, ಮಿಲ್ ತಿಪ್ಪೇಸ್ವಾಮಿ ಅಂತ ಕರೆದ ಹಾಗೆ ನಮ್ಮ ಕಡೆ ಮನೆತನದ ಹೆಸರು ಇದೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಂಗಡಿ, ಹೂಗಾರ. ಗವಿಸಿದ್ದಪ್ಪ ಅಂತ ಊರ ತುಂಬಾ ಇದ್ದರೂ ಯಾರಿಗೂ ತೊಂದರೆ ಆಗಿಲ್ಲ.

ಸಂಖ್ಯೆಮನೆ

ಟೀಚರ್ ಅವರ ಕೊನೆಯ ಮಾತನ್ನೇ ಹಿಡಿದುಕೊಳ್ಳುತ್ತೇನೆ, ಅದು ಸರಿಯಾಗಿ ಶ್ಯಾನನ್ ಅವರ ಜಾಗ. 1948ರಲ್ಲಿ ಅವರು ಆ ಸೂತ್ರ ಕೊಟ್ಟದ್ದು ಮರಕ್ಕಲ್ಲ, ಸಂದೇಶ ಕಳಿಸುವುದಕ್ಕೆ. 100 ಜನರಲ್ಲಿ ಒಬ್ಬರನ್ನು ಗುರುತಿಸಲು 6.64 ಬಿಟ್ ಮಾಹಿತಿ ಬೇಕು (ಒಂದು ಬಿಟ್ ಅಂದರೆ ಹೌದು ಅಥವಾ ಇಲ್ಲ ಅನ್ನುವ ಒಂದು ಉತ್ತರದಷ್ಟು ಮಾಹಿತಿ). ಮೇಲಿನ ಅಡಿಕೆ ತೋಟದ ಊರಲ್ಲಿ ಹೆಸರು ಒಂದೇ ಕೊಡುವುದು 2.42 ಬಿಟ್. ಉಳಿದ 4 ಚಿಲ್ಲರೆ ಬಿಟ್ ಎಲ್ಲಿಂದಾದರೂ ಬರಲೇಬೇಕು. ಗುಡಿ, ಮಿಲ್, ಉದ್ದನೆ, ಇನಿಷಿಯಲ್ಲು, ಮನೆತನದ ಹೆಸರು, ಇವೆಲ್ಲ ಅದನ್ನು ತುಂಬುವುದಕ್ಕೇ ಹುಟ್ಟಿದ್ದು. 5 ಹೆಸರು, 20 ಮನೆತನ, ಎರಡಕ್ಕೂ ಸಂಬಂಧವೇ ಇಲ್ಲ ಅಂದರೆ ಒಟ್ಟು 100 ಜನ ಬೇರೆ ಬೇರೆ ಆಗುತ್ತಾರೆ. ನಿಜ ಜೀವನದಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವುದರಿಂದ ಒಂದೊಂದು ಮನೆತನದಲ್ಲಿ ಒಂದೊಂದು ಹೆಸರು ಸುತ್ತುತ್ತಿರುತ್ತದೆ, ಆದ್ದರಿಂದ 100 ಮುಟ್ಟುವುದಿಲ್ಲ. ಹೆಸರನ್ನು ಒಂದೇ ತುಂಡು ಅಳೆದು ‘ವೈವಿಧ್ಯ ಕಡಿಮೆ ಇತ್ತು’ ಅಂದರೆ ಹಳೆಯ ಊರಿಗೆ ಅನ್ಯಾಯ ಮಾಡಿದ ಹಾಗೆ.

ದರ್ಜೆ 2 ಎಷ್ಟು ಗಟ್ಟಿ ಅಳತೆ ಅಂತ ತೋರಿಸಲು ಕೊರಿಯಾದ ಉದಾಹರಣೆ ಕೊಡುತ್ತೇನೆ. ದಕ್ಷಿಣ ಕೊರಿಯಾದ 2015ರ ಜನಗಣತಿಯಲ್ಲಿ ಕಿಮ್ ಸುಮಾರು ಶೇ. 21.5, ಲೀ ಶೇ. 14.7, ಪಾರ್ಕ್ ಶೇ. 8.4. ಈ ಮೂರರ ವರ್ಗ ಕೂಡಿಸಿ ತಿರುಗಿಸಿದರೆ 13.4. ಉಳಿದ ಜನರೆಲ್ಲರಿಗೂ ಬೇರೆ ಬೇರೆ ಕುಲನಾಮ ಇದೆ ಅಂತ ಹಿಡಿದರೂ ಇದನ್ನು ದಾಟುವುದಿಲ್ಲ. ನೂರಾರು ಕುಲನಾಮ ಇರುವ ದೇಶ, ನಡೆಯುವುದು ಹೆಚ್ಚೆಂದರೆ 13 ಕುಲನಾಮ ಇದ್ದ ಹಾಗೆ. ಪೂರ್ತಿ ಪಟ್ಟಿ ಕೈಯಲ್ಲಿ ಇಲ್ಲದೆಯೇ ಇಷ್ಟು ಹೇಳಲು ಬಂತು ನೋಡಿ. ದರ್ಜೆ 0ರಲ್ಲಿ ಇದು ಆಗದ ಮಾತು. ಅಮೆರಿಕದ ಸರ್ಕಾರ 1880ರಿಂದ ಈಚೆಗೆ ಹುಟ್ಟಿದ ಮಕ್ಕಳ ಹೆಸರಿನ ಪಟ್ಟಿ ಬಿಡುಗಡೆ ಮಾಡುತ್ತದೆ, ಆದರೆ ಒಂದು ವರ್ಷದಲ್ಲಿ 5ಕ್ಕಿಂತ ಕಡಿಮೆ ಮಕ್ಕಳಿಗಿಟ್ಟ ಹೆಸರನ್ನು ಗೋಪ್ಯತೆಗಾಗಿ ಕೈಬಿಡುತ್ತಾರೆ. ಆ ಪಟ್ಟಿಯಲ್ಲಿ ಎಷ್ಟು ಹೆಸರು ಅಂತ ಎಣಿಸುವುದಕ್ಕೆ ಅರ್ಥವಿಲ್ಲ. 1880ರಲ್ಲಿ ಜಾನ್ ಗಂಡುಮಕ್ಕಳಲ್ಲಿ ಸುಮಾರು ಶೇ. 8, ಈಚೆಗೆ ಮೊದಲ ಸ್ಥಾನದ ಲಿಯಾಮ್ ಶೇ. 1ರ ಆಸುಪಾಸು. ಇದನ್ನು ಹೇಳಬಹುದು.

ಅಪರೂಪದ ಹೆಸರುಗಳ ಬಗ್ಗೆ. ಕಾರ್ಬೆಟ್ ಅನ್ನುವವರು ಮಲಯಾದಲ್ಲಿ ಚಿಟ್ಟೆ ಹಿಡಿದರು. 118 ಪ್ರಭೇದ ಒಂದೊಂದೇ ಸಿಕ್ಕಿದ್ದವು, 74 ಎರಡೆರಡು, 44 ಮೂರು ಮೂರು. ಮತ್ತೆ ಹೋದರೆ ಎಷ್ಟು ಹೊಸವು ಸಿಗಬಹುದು ಅನ್ನುವ ಪ್ರಶ್ನೆ ಹುಟ್ಟಿತು, 1943ರಲ್ಲಿ ಫಿಶರ್ ಜೊತೆ ಸೇರಿ ಬರೆದ ಲೇಖನದಲ್ಲಿ ಅದಕ್ಕೆ ಉತ್ತರ ಕೊಟ್ಟರು. ಗುಡ್ ಮತ್ತು ಟ್ಯೂರಿಂಗ್ ಅವರ ಇನ್ನೂ ಸರಳ ಸೂತ್ರ ಇದೆ. 200 ಮಕ್ಕಳ ಪಟ್ಟಿಯಲ್ಲಿ 60 ಹೆಸರು ಒಂದೊಂದೇ ಸಲ ಬಂದಿದ್ದರೆ, ಮುಂದೆ ಬರುವ ಮಗುವಿಗೆ ಪಟ್ಟಿಯಲ್ಲಿ ಇಲ್ಲದ ಹೆಸರು ಇರುವ ಸಾಧ್ಯತೆ ಸುಮಾರು 60ರಲ್ಲಿ 200, ಅಲ್ಲಲ್ಲ, 200ರಲ್ಲಿ 60, ಅಂದರೆ ಶೇ. 30. ನಿಮ್ಮ ದಶಕಗಳಿಗೆ ಇದನ್ನು ಹಾಕಿ ನೋಡಿ, ಓದುವವರಿಗೂ ಸುಲಭವಾಗಿ ಅರ್ಥವಾಗುವ ಅಂಕಿ. ಆದರೆ ಊರಿನ ಎಲ್ಲ ಮಕ್ಕಳೂ ರಿಜಿಸ್ಟರಿನಲ್ಲಿ ಇದ್ದಾರೆ ಅಂದರೆ ಊರಿನ ಮಟ್ಟಿಗೆ ಅಂದಾಜು ಮಾಡಲು ಏನೂ ಉಳಿದಿಲ್ಲ, ಅದು ಪೂರ್ತಿ ಎಣಿಕೆ. ಇಡೀ ತಾಲ್ಲೂಕಿನ ಬಗ್ಗೆ ಹೇಳುವಾಗ ಮಾತ್ರ ಇದು ಮಾದರಿ.

ಯಾರಾದರೂ ಗಂಡ ಹೆಂಡತಿಯ ಕುಲನಾಮ ಒಂದೇ ಇದೆಯಾ ನೋಡಿ ರಕ್ತಸಂಬಂಧದ ಮದುವೆ ಅಳೆಯಿರಿ ಅಂದರೆ ಕೇಳಬೇಡಿ. ಚಾರ್ಲ್ಸ್ ಡಾರ್ವಿನ್ ಅವರ ಮಗ ಜಾರ್ಜ್ 1875ರಲ್ಲಿ ಇಂಗ್ಲೆಂಡಿನಲ್ಲಿ ಹೀಗೆ ಮಾಡಿದರು, 1965ರಲ್ಲಿ ಕ್ರೋ ಮತ್ತು ಮಾಂಜ್ ಅದನ್ನು ಸೂತ್ರಕ್ಕೆ ಇಳಿಸಿದರು. ನಮ್ಮಲ್ಲಿ ಒಂದೇ ಬೆಡಗು, ಒಂದೇ ಬಳಿಯವರು, ಅಂದರೆ ಒಂದೇ ವಂಶದ ಗುಂಪಿನವರು, ಮದುವೆ ಆಗುವುದಿಲ್ಲ. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾಗುತ್ತಾರೆ. ಸಂಬಂಧ ಹತ್ತಿರದ್ದೇ, ಬೆಡಗು ಬೇರೆ. ಆ ಸೂತ್ರ ಇಲ್ಲಿ ಸೊನ್ನೆ ತೋರಿಸುತ್ತದೆ.

ಮಳೆಕಾಡು

ಕೊನೆಯ ಪ್ರಶ್ನೆಗೆ ನಾವು ಯಾರೂ ಉತ್ತರ ಕೊಡಲಿಲ್ಲ. ವೈವಿಧ್ಯ ಜಾಸ್ತಿ ಆಗಿದೆ ಅಂತ ಬರೆಯಬಹುದಾ? ಒಂದು ಊರಿನ ರಿಜಿಸ್ಟರ್ ಇಟ್ಟುಕೊಂಡು ಬರೆಯಬೇಡಿ.

ವಿಟ್ಟೇಕರ್ 1960ರಲ್ಲಿ ವೈವಿಧ್ಯವನ್ನು ಮೂರು ಮಾಡಿದರು. ಒಂದು ಜಾಗದೊಳಗಿನದು ಆಲ್ಫಾ. ಜಾಗ ಜಾಗಕ್ಕೆ ಇರುವ ವ್ಯತ್ಯಾಸ ಬೀಟಾ. ಎಲ್ಲ ಸೇರಿದರೆ ಗಾಮಾ. ಮೂರು ಊರು ಇವೆ ಅಂದುಕೊಳ್ಳಿ. ಹಿಂದೆ ಪ್ರತಿ ಊರಲ್ಲೂ 5 ಹೆಸರು, ಒಂದು ಊರಿನ ಹೆಸರು ಇನ್ನೊಂದರಲ್ಲಿ ಇಲ್ಲ. ಒಟ್ಟು 15, ಬೀಟಾ 3. ಈಗ ಪ್ರತಿ ಊರಲ್ಲೂ 20 ಹೆಸರು, ಆದರೆ ಮೂರೂ ಕಡೆ ಅವೇ 20. ಒಟ್ಟು 20, ಬೀಟಾ 1. ಊರೊಳಗೆ ನಿಂತು ನೋಡಿದರೆ ನಾಲ್ಕು ಪಟ್ಟು ಏರಿದೆ. ಸೀಮೆಯ ಮೇಲೆ ನಿಂತು ನೋಡಿದರೆ ಊರುಗಳ ನಡುವಿನ ವ್ಯತ್ಯಾಸವೇ ಹೋಗಿದೆ.

ನನಗೆ ಹೆಚ್ಚು ಕಾಡುವುದು ಇದು. ಸಿಂಗಳೀಕ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ಹೆಸರುಗಳಲ್ಲೂ ಅಂಥವು ಇವೆ. ಕೊಟ್ರೇಶ ಅಂದರೆ ಕೊಟ್ಟೂರು ಸೀಮೆ. ಮಾದೇಶ ಅಂದರೆ ಮಹದೇಶ್ವರ ಬೆಟ್ಟದ ಸುತ್ತ. ಗವಿಸಿದ್ದಪ್ಪ ಕೊಪ್ಪಳ, ಶರಣಬಸಪ್ಪ ಕಲಬುರಗಿ, ನಂಜುಂಡಸ್ವಾಮಿ ನಂಜನಗೂಡು ಮೈಸೂರು ಕಡೆ, ನಿಮ್ಮ ತಿಪ್ಪೇಸ್ವಾಮಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯಿಂದ ಬಂದದ್ದು. ಹೆಸರು ಕೇಳಿದರೆ ಯಾವ ಜಾತ್ರೆಗೆ ಹೋಗುವ ಮನೆ ಅಂತ ಗೊತ್ತಾಗುತ್ತಿತ್ತು. ಒಂದೇ ಊರಲ್ಲಿ ನಾಲ್ಕು ತಿಪ್ಪೇಸ್ವಾಮಿ ಇದ್ದದ್ದು ಊರೊಳಗಿನ ಲೆಕ್ಕಕ್ಕೆ ಕೊರತೆ, ರಾಜ್ಯದ ಲೆಕ್ಕಕ್ಕೆ ಸಂಪತ್ತು. ಬೆಟ್ಟ ಬೆಟ್ಟಕ್ಕೂ ಬೇರೆ ಕಾಡು ಇದ್ದ ಕಡೆ ಎಲ್ಲೆಲ್ಲೂ ಅಕೇಶಿಯಾ ನೀಲಗಿರಿ ನೆಟ್ಟರೆ ಏನಾಗುತ್ತದೆ ಅಂತ ನಾವು ಮಲೆನಾಡಿನವರು ನೋಡಿದ್ದೇವೆ. ಹೆಸರಲ್ಲೂ ಹಾಗೇ ಆಗಿದೆಯಾ ಅನ್ನುವುದನ್ನು ಅಳೆದೇ ಹೇಳಬೇಕು. ಕೊಟ್ಟೂರು ಕಡೆಯ ಒಂದು ಶಾಲೆ, ಕೊಳ್ಳೇಗಾಲದ ಕಡೆಯ ಒಂದು ಶಾಲೆ ಸಿಕ್ಕರೆ ಸಾಕು. ಪ್ರತಿ ದಶಕಕ್ಕೂ ಮೂರು ಊರಿನ ಬೀಟಾ ತೆಗೆಯಿರಿ. ನನ್ನ ಊಹೆ, ಆಲ್ಫಾ ಏರಿರುತ್ತದೆ, ಬೀಟಾ ಇಳಿದಿರುತ್ತದೆ. ಊಹೆ ತಪ್ಪಾದರೆ ನನ್ನಷ್ಟು ಸಂತೋಷ ಪಡುವವರು ಯಾರೂ ಇಲ್ಲ.

ಒಂದು ಕಡೆ ಮಾತ್ರ ಹೆಸರು ಮರದ ಹಾಗಲ್ಲ. ಅಳಿದ ಪ್ರಭೇದ ಮರಳಿ ಬರುವುದಿಲ್ಲ. ಅಳಿದ ಹೆಸರು ಎಲ್ಲಾದರೂ ಬರೆದಿಟ್ಟಿದ್ದರೆ ಯಾರಾದರೂ ಮತ್ತೆ ಇಡಬಹುದು. ಶಾಸನದಲ್ಲಿದ್ದ ಮಯೂರ, ಪುಲಿಕೇಶಿ ಈಗಿನ ಕಾಲದಲ್ಲೂ ಮಕ್ಕಳ ಹೆಸರಾಗಿಲ್ಲವೇ. ಹಾಗಾಗಿ ನಿಮ್ಮ ಗೆದ್ದಲು ತಿಂದ ಹಾಳೆಗಳ ಫೋಟೋ ಮೊದಲು ತೆಗೆದಿಡಿ. ಲೆಕ್ಕ ಆಮೇಲೆ.

ಹಟ್ಟಿಹುಡುಗ

ಎಲ್ಲರಿಗೂ ತುಂಬಾ ಧನ್ಯವಾದ. ಎಲ್ಲ ಪುಟಗಳ ಫೋಟೋ ತೆಗೆದಾಯಿತು. ಗಂಡು ಹೆಣ್ಣು ಬೇರೆ ಮಾಡಿದೆ. ಹೆಸರನ್ನು ಎರಡು ತುಂಡು ಮಾಡಿ ಬರೆಯುವುದು ಅರ್ಧ ಮುಗಿದಿದೆ. ಕೈಬರಹ ಬದಲಾದ ವರ್ಷಗಳನ್ನು ಗುರುತು ಹಾಕಿದ್ದೇನೆ. ಟೀಚರ್ ಮೇಡಂ, ನಿಮ್ಮ ಮಾತು ನಿಜ, ಒಂದು ಕಡೆ ಕೈಬರಹ ಬದಲಾದ ಮುಂದಿನ ಪುಟದಿಂದಲೇ ಅಯ್ಯ ಕಡಿಮೆಯಾಗಿ ಸ್ವಾಮಿ ಜಾಸ್ತಿ ಆಗಿದೆ. ಅಲ್ಲಿ ಬದಲಾದದ್ದು ಊರಲ್ಲ, ಮೇಷ್ಟ್ರು.

ಮೂರು ದರ್ಜೆಯ ಅಂಕಿಗಳನ್ನು ಎರಡು ಸಲ ಪರೀಕ್ಷೆ ಮಾಡಿ ಆಮೇಲೆ ಇಲ್ಲಿ ಹಾಕುತ್ತೇನೆ. ಪೂರ್ತಿ ಹೆಸರು, ಅಪ್ಪನ ಹೆಸರು ಎಲ್ಲ ತೆಗೆದು ಬರೀ ಹೆಸರು ಮತ್ತು ದಶಕ ಮಾತ್ರ ಇರುವ ಪಟ್ಟಿ ಕೊಡುತ್ತೇನೆ.

ನಿನ್ನೆ ರಾತ್ರಿ 1950ರ ದಶಕದಲ್ಲಿ ಒಂದೇ ಒಂದು ಸಲ ಬಂದ ಹೆಸರುಗಳನ್ನು ಬೇರೆ ಮಾಡಿ ಅವ್ವನಿಗೆ ಓದಿ ಹೇಳಿದೆ. ಜುಂಜಪ್ಪ, ಕ್ಯಾತಪ್ಪ, ಪಾಲಯ್ಯ, ಕಾಟಯ್ಯ. ಅವ್ವನಿಗೆ ಎಲ್ಲರೂ ಗೊತ್ತು. ಯಾರ ಮನೆ, ಯಾವ ಹಟ್ಟಿ, ಯಾರು ಯಾವ ದೇವರ ಒಕ್ಕಲು, ಯಾಕೆ ಆ ಹೆಸರಿಟ್ಟರು ಅಂತ ಒಬ್ಬೊಬ್ಬರದೂ ಹೇಳಿದಳು, ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಒಂದು ಹೆಸರಿಗೆ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, ಅದು ನಾಳೆ ಹೇಳುತ್ತೇನೆ ಅಂದಳು.

ಕೊಟ್ಟೂರು ಅಥವಾ ಕೊಳ್ಳೇಗಾಲದ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮೂರ ಶಾಲೆಯ ಹಳೆಯ ರಿಜಿಸ್ಟರ್ ನೋಡಲು ಸಿಗುತ್ತದಾ ಅಂತ ಒಮ್ಮೆ ಕೇಳಿ ನೋಡಿ. ಟೈಪ್ ಮಾಡುವ ಕೆಲಸ ನಾನೇ ಮಾಡಿಕೊಡುತ್ತೇನೆ.